ಬೀಡಾಡಿ ಕುದುರೆ

ಕಳೆದ ವರ್ಷದ ಬೇಸಗೆಯ ನಾಲ್ಕು ತಿಂಗಳುಗಳನ್ನು ನಾನು ಅಮೆರಿಕ ದೇಶದ ಮಿಶಿಗನ್ ಸಂಸ್ಥಾನದಲ್ಲಿ, ಮಗನ ಮನೆಯಲ್ಲಿ ಕಳೆದೆನು. ಪರದೇಶಕ್ಕೆ ಹೋಗಿ ಬಂದವರು ಅಲ್ಲಿನ ಜಲಪಾತಗಳನ್ನೂ ಸೌಧಗಳನ್ನೂ ಸೇತುವೆಗಳನ್ನೂ ವರ್ಣಿಸುವುದು ವಾಡಿಕೆ. ಅವನ್ನು ನಾನೂ ಕಂಡೆನು. ಆದರೆ ಅವುಗಳ ವಿಷಯವಾಗಿ ನನಗಿಂತ ಚೆನ್ನಾಗಿ ಬರೆದವರು ಅನೇಕರಿದ್ದಾರೆ. ನಾನು ಇಲ್ಲಿ ಹೇಳಬೇಕೆಂದಿರುವುದು ಒಂದು ಮೋಟಾರು ಕಾರಿನ ಸಂಗತಿ. ಆಯುಷ್ಯದ ಮೂವತ್ತೆರಡು ವರ್ಷಗಳನ್ನು ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಲೆಕ್ಕ ಹೇಳಿಕೊಡುವುದರಲ್ಲಿ ಸವೆಸಿ, ಸ್ವಂತಕ್ಕೆ ಎಂದೂ ಕಾರು ಇಟ್ಟುಕೊಳ್ಳದ ಮುದುಕನಿಗೆ ಇದೇಕೆ ಈ ಹುಚ್ಚು ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವಾಗಿಯೇ ಇದೆ. ಹುಚ್ಚು ಹಿಡಿದುದು ಮೊದಲು ನನಗಲ್ಲ, ನನ್ನ ಮಗನಿಗೆ.

ನಾನು ಅಲ್ಲಿಗೆ ಹೋದ ಮರುದಿನ ಬೆಳಗ್ಗೆ ಅವನು ನನ್ನನ್ನು ಮನೆಯ ಮಗ್ಗುಲಲ್ಲಿದ್ದ ಗ್ಯಾರೇಜಿಗೆ ಕರೆದುಕೊಂಡು ಹೋದನು. ಅಲ್ಲಿ ಎರಡು ಗಾಡಿಗಳಿದ್ದುವು. ಒಂದು ದಿನಬಳಕೆಯದು. ಇನ್ನೊಂದರ ಮೇಲೆ ನೆಲ ಮುಟ್ಟುವವರೆಗೆ ಒಂದು ಹೊದಿಕೆ. ಅದರ ತುದಿಯನ್ನು ಹಿಡಿದು, ಉತ್ಸವಮೂರ್ತಿಯ ವಸ್ತ್ರವನ್ನು ತೆಗೆಯುವ ಅರ್ಚಕನ ಹಾಗೆ, ಮೆಲ್ಲಮೆಲ್ಲನೆ ಮಡಿಚುತ್ತ ಬಂದನು. ಒಳಗೆ ಕಂಡುದು ಒಂದು ಕೆಂಪು ಗಾಡಿ. ನೀಳವಾದ ಮೂತಿ, ಮೊಟಕಾದ ಹಿಂಭಾಗ. ಮುಂದಿನ ಜಾಲರಿಯ ನಡುವೆ ಎಡಕ್ಕೆ ಮುಖಮಾಡಿ ನಾಗಾಲೋಟದಲ್ಲಿರುವ ಒಂದು ಪುಟ್ಟ ಕುದುರೆ.

“ಅಣ್ಣ, ಇದು ಮಸ್ಟಾಂಗ್. ೧೯೬೬ನೆಯ ಇಸವಿಯದು. ನನಗಿಂತ ಎಂಟು ವರ್ಷ ದೊಡ್ಡದು” ಎಂದನು. ನಮ್ಮ ಮನೆಯಲ್ಲಿ ಮಕ್ಕಳು ತಂದೆಯನ್ನು ಅಣ್ಣ ಎಂದು ಕರೆಯುವುದು ಮೂರು ತಲೆಮಾರುಗಳ ರೂಢಿ.

“ಎಷ್ಟು ಕೊಟ್ಟೆ?” ಎಂಬುದು ನನ್ನ ಮೊದಲನೆಯ ಪ್ರಶ್ನೆ.

“ಇಪ್ಪತ್ತಾರು ಸಾವಿರ ಡಾಲರು.”

ನಾನು ಒಡನೆಯೇ ಮನಸ್ಸಿನಲ್ಲಿ ಎಂಬತ್ತೈದರಿಂದ ಗುಣಿಸಿದೆನು. ಇಪ್ಪತ್ತೆರಡು ಲಕ್ಷದ ಹತ್ತು ಸಾವಿರ ರೂಪಾಯಿ! “ಇದರಲ್ಲಿ ಕೆಲಸಕ್ಕೆ ಹೋಗುತ್ತೀಯೋ?” ಎಂದು ಕೇಳಿದೆನು.

“ಇಲ್ಲ. ಭಾನುವಾರ ಬೆಳಗ್ಗೆ ಒಂದು ಗಂಟೆ ಓಡಿಸುತ್ತೇನೆ. ಮಳೆ ಬಂದರೆ ಅದೂ ಇಲ್ಲ. ಹಿಮ ಬೀಳುವ ತಿಂಗಳುಗಳಲ್ಲಿ ಹೊರಗೆ ತೆಗೆಯುವ ಹಾಗೆಯೇ ಇಲ್ಲ.”

“ಹಾಗಾದರೆ ಇದು ಗಾಡಿಯಲ್ಲವಪ್ಪ, ಗೀಳು” ಎಂದೆನು.

ಅವನು ಏನೂ ಹೇಳಲಿಲ್ಲ. ಹೊದಿಕೆಯನ್ನು ಮೊದಲಿನಂತೆಯೇ ಹೊದಿಸಿದನು. ಐವತ್ತು ದಾಟಿದ ಮಗ. ಆದರೂ ಆ ಕ್ಷಣದಲ್ಲಿ ಅವನ ಮುಖವು ಹದಿನಾಲ್ಕು ವರ್ಷದ ಹುಡುಗನ ಮುಖದಂತೆ ಕಂಡಿತು. ಆ ಮುಖವನ್ನು ನಾನು ಹಿಂದೆ ಒಮ್ಮೆ ಕಂಡಿದ್ದೆನು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಒಂದು ವಾರ ಕಳೆದ ಮೇಲೆ ಸೊಸೆಯು, “ಮಾವ, ಮನೆಯಲ್ಲಿಯೇ ಕುಳಿತು ಬೇಸರವಾದೀತು. ವಸ್ತುಸಂಗ್ರಹಾಲಯವನ್ನಾದರೂ ನೋಡಿ ಬರೋಣ, ಬನ್ನಿ” ಎಂದು ಡಿಯರ್‌ಬಾರ್ನ್ ಎಂಬ ಊರಿಗೆ ಕರೆದುಕೊಂಡು ಹೋದಳು. ಡೆಟ್ರಾಯಿಟ್ ನಗರಕ್ಕೆ ಅಂಟಿಕೊಂಡಿರುವ ಈ ಊರು ಫೋರ್ಡ್ ಕಂಪನಿಯ ತವರು. ಹೆನ್ರಿ ಫೋರ್ಡನು ಸ್ಥಾಪಿಸಿದ ಸಂಗ್ರಹಾಲಯವೂ ಅಲ್ಲಿಯೇ ಇದೆ. ಅಧ್ಯಕ್ಷ ಕೆನೆಡಿಯು ಗುಂಡೇಟು ತಿಂದಾಗ ಕುಳಿತಿದ್ದ ಕಾರು ಅಲ್ಲಿದೆ; ರೋಸಾ ಪಾರ್ಕ್ಸ್ ಎಂಬ ಕರಿಯ ಹೆಂಗಸು ತನ್ನ ಆಸನವನ್ನು ಬಿಟ್ಟುಕೊಡಲೊಲ್ಲೆನೆಂದು ಕುಳಿತ ಬಸ್ಸು ಅಲ್ಲಿದೆ. ಚರಿತ್ರೆಯ ಭಾರವನ್ನು ಹೊತ್ತ ಇಂತಹ ವಾಹನಗಳ ಜತೆಗೆ ಅಲ್ಲಿ ಒಂದು ಬಿಳಿಯ ಮಸ್ಟಾಂಗನ್ನೂ ಇಟ್ಟುಕೊಂಡಿದ್ದಾರೆ. ಅದರ ಕ್ರಮಸಂಖ್ಯೆ ಒಂದು.

ಆ ಒಂದನೆಯ ಗಾಡಿಯ ಕಥೆ ಸ್ವಾರಸ್ಯವಾದುದು. ೧೯೬೪ನೆಯ ಏಪ್ರಿಲಿನಲ್ಲಿ ಅದನ್ನು ಕೆನಡಾ ದೇಶದ ಪೂರ್ವದ ಅಂಚಿನಲ್ಲಿರುವ ನ್ಯೂಫೌಂಡ್‌ಲ್ಯಾಂಡಿನ ಒಂದು ಅಂಗಡಿಗೆ ಪ್ರದರ್ಶನಕ್ಕೆಂದು ಕಳುಹಿಸಿದ್ದರು. ಮಾರಬಾರದ ಆ ಗಾಡಿಯನ್ನು ಅಂಗಡಿಯವರು ಒಬ್ಬ ವಿಮಾನಚಾಲಕನಿಗೆ ಮಾರಿಬಿಟ್ಟರು. ತಪ್ಪು ತಿಳಿದಾಗ ಕಂಪನಿಯವರು ಹಿಂದಕ್ಕೆ ಕೊಡಬೇಕೆಂದು ಕೇಳಿದರು, ಆತನು ಒಪ್ಪಲಿಲ್ಲ. ಸುಮಾರು ೧೦,೦೦೦ ಮೈಲಿ ಓಡಿಸಿದ ಮೇಲೆ ೧೯೬೬ರಲ್ಲಿ, ಅದಕ್ಕೆ ಬದಲಾಗಿ ಹತ್ತು ಲಕ್ಷದನೆಯ ಮಸ್ಟಾಂಗನ್ನು ಪಡೆದು, ಹಿಂದಿರುಗಿಸಿದನು. ಈ ವೃತ್ತಾಂತವನ್ನು ಕೇಳಿದಾಗ ನನಗೆ ಆಶ್ಚರ್ಯವಾದುದು ಆ ವಿಮಾನಚಾಲಕನ ಹಠದಿಂದಲ್ಲ. ಒಂದನೆಯ ಗಾಡಿಗೂ ಹತ್ತು ಲಕ್ಷದನೆಯ ಗಾಡಿಗೂ ನಡುವೆ ಇದ್ದುದು ಎರಡೇ ವರ್ಷ! ಯಾವ ಗೀಳೂ ಹತ್ತು ಲಕ್ಷ ಮಂದಿಗೆ ಒಟ್ಟಿಗೆ ಹಿಡಿಯಲಾರದು. ಹಿಡಿದರೆ ಅದಕ್ಕೆ ಬೇರೆ ಹೆಸರಿರಬೇಕು. ಇದನ್ನು ತಿಳಿಯಬೇಕೆಂದು ನಾನು ಆ ಊರಿನ ಪುಸ್ತಕಭಂಡಾರದಿಂದ ಮೂರು ನಾಲ್ಕು ಪುಸ್ತಕಗಳನ್ನು ತರಿಸಿಕೊಂಡು ಓದತೊಡಗಿದೆನು.

ಕಥೆಯು ಒಂದು ಸೋಲಿನಿಂದ ಮೊದಲಾಗುತ್ತದೆ. ೧೯೫೭ರ ಸೆಪ್ಟೆಂಬರಿನಲ್ಲಿ ಫೋರ್ಡ್ ಕಂಪನಿಯವರು ಎಡ್ಸೆಲ್ ಎಂಬ ಹೊಸ ಗಾಡಿಯನ್ನು ಹೊರತಂದರು. ಎಡ್ಸೆಲ್ ಎಂಬುದು ಹಿರಿಯ ಹೆನ್ರಿ ಫೋರ್ಡನ ಮಗನ ಹೆಸರು. ಆತನು ತಂದೆಗಿಂತ ಮೊದಲೇ, ೧೯೪೩ರಲ್ಲಿ ತೀರಿಕೊಂಡಿದ್ದನು. ಮಹಾ ಆಡಂಬರದಿಂದ ಬಂದ ಆ ಗಾಡಿ ಜನರಿಗೆ ಹಿಡಿಸಲಿಲ್ಲ. ಎರಡು ವರ್ಷ ಕಳೆಯುವ ಹೊತ್ತಿಗೆ ಅದನ್ನು ನಿಲ್ಲಿಸಿಬಿಟ್ಟರು. ಸುಮಾರು ೨೫ ಕೋಟಿ ಡಾಲರುಗಳಷ್ಟು ನಷ್ಟವಾಯಿತೆಂದು ಅಂದಾಜು. ಬೆಂಕಿಯಿಂದ ಕೈ ಸುಟ್ಟುಕೊಂಡವರು ಹೊಗೆಯನ್ನು ಕಂಡರೂ ಹಿಂಜರಿಯುತ್ತಾರೆ. ಕಂಪನಿಯಲ್ಲಿ ಆಮೇಲೆ ನಡೆದುದು ಮಿತವ್ಯಯದ ಮಾತು.

ಆ ಮಿತವ್ಯಯದ ಆಚಾರ್ಯನು ರಾಬರ್ಟ್ ಮ್ಯಾಕ್‌ನಮಾರಾ. ಈತನು ಮೊದಲು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಲೆಕ್ಕಪತ್ರದ ಅಧ್ಯಾಪಕನಾಗಿದ್ದು, ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯ ಅಂಕಿ ಅಂಶಗಳನ್ನು ನೋಡಿಕೊಂಡು, ೧೯೪೬ರಲ್ಲಿ ಒಂಬತ್ತು ಮಂದಿ ಸಂಗಡಿಗರೊಡನೆ ಕಂಪನಿಗೆ ಸೇರಿದವನು. ಲೆಕ್ಕ ಕಲಿಸಿದವನೆಂದು ತಿಳಿದಾಗ, ಸತ್ಯವನ್ನು ಹೇಳುವುದಾದರೆ, ನನಗೆ ಅವನಲ್ಲಿ ಬಂಧುಭಾವವುಂಟಾಯಿತು. ಗಾಡಿ ಎಂದರೆ ಮನುಷ್ಯನನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಕಡಮೆ ವೆಚ್ಚದಲ್ಲಿ ಒಯ್ಯತಕ್ಕ ಸಾಧನ, ಉಳಿದುದೆಲ್ಲ ಅಲಂಕಾರ. ಇದು ಅವನ ಮತ. ಈ ಮತಕ್ಕೆ ತಕ್ಕಂತೆ ಅವನು ಮಾಡಿಸಿದ ಗಾಡಿಯೇ ಫಾಲ್ಕನ್. ಹೆಸರಿನ ಅರ್ಥ ಡೇಗೆಯ ಹಕ್ಕಿ. ರೂಪದಲ್ಲಿ ಮಾತ್ರ ಮನೆಯಂಗಳದ ಕೋಳಿಯಷ್ಟು ಸಾಧು. ಸಣ್ಣದು, ಗಟ್ಟಿಮುಟ್ಟಾದುದು, ಬೆಲೆ ೨,೦೦೦ ಡಾಲರುಗಳಿಗೂ ಕಡಮೆ. ೧೯೬೦ರ ಮಾದರಿಯಾಗಿ ಬಂದ ಅದು ಮೊದಲನೆಯ ವರ್ಷದಲ್ಲಿಯೇ ೪,೧೭,೧೭೪ ಮಾರಾಟವಾಯಿತು. ಕಂಪನಿಯಲ್ಲಿ ಅದನ್ನು ಒಂದು ದಾಖಲೆಯೆಂದು ಎಣಿಸಿದರು. ೧೯೬೦ರ ಕೊನೆಯಲ್ಲಿ ಮ್ಯಾಕ್‌ನಮಾರಾ ಕಂಪನಿಯ ಅಧ್ಯಕ್ಷನಾದನು. ಕೆಲವೇ ವಾರಗಳಲ್ಲಿ ಕೆನೆಡಿಯ ಕರೆಯ ಮೇರೆಗೆ ದೇಶದ ರಕ್ಷಣಾ ಮಂತ್ರಿಯಾಗಿ ಹೊರಟುಹೋದನು.

ಅದೇ ೧೯೬೦ರ ನವೆಂಬರಿನಲ್ಲಿ ಕಂಪನಿಯ ಫೋರ್ಡ್ ವಿಭಾಗದ ಮುಖ್ಯಾಧಿಕಾರಿಯಾಗಿ ಬಂದವನು ಲೀ ಅಯಕೋಕಾ. ವಯಸ್ಸು ೩೬. ಇಟಲಿಯಿಂದ ವಲಸೆ ಬಂದವರ ಮಗ. ಪೆನ್ಸಿಲ್ವೇನಿಯದ ಆಲನ್‌ಟೌನ್ ಎಂಬ ಊರಿನವನು. ಯಂತ್ರಶಾಸ್ತ್ರವನ್ನು ಓದಿದ್ದರೂ ತಾನಾಗಿ ಕೇಳಿಕೊಂಡು ಮಾರಾಟದ ಕೆಲಸಕ್ಕೆ ಹೋದವನು. ಮನುಷ್ಯರಿಗೆ ಏನು ಅವಶ್ಯಕವೆಂಬುದನ್ನು ಮ್ಯಾಕ್‌ನಮಾರಾ ಬಲ್ಲನು. ಅವರು ಏನನ್ನು ಆಸೆಪಡುತ್ತಾರೆಂಬುದನ್ನು ಅಯಕೋಕಾ ಬಲ್ಲನು. ಯುದ್ಧವು ಮುಗಿದ ಮೇಲೆ ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಅಪಾರ. ಅವರಲ್ಲಿ ಮೊದಲಿನವರಿಗೆ ೧೯೬೪ರ ಹೊತ್ತಿಗೆ ಹದಿನೆಂಟು ತುಂಬುತ್ತದೆ. ಅವರು ತಂದೆಯ ಗಾಡಿಯಂತಹ ಗಾಡಿಯನ್ನು ಬಯಸುವರೆ? ಈ ಪ್ರಶ್ನೆಯನ್ನು ಹಿಡಿದು ಅವನು ನಂಬಿಗಸ್ಥರಾದ ಕೆಲವರೊಡನೆ, ಕಚೇರಿಯಲ್ಲಿ ಗೋಡೆಗೂ ಕಿವಿಯಿರುವುದರಿಂದ, ಡಿಯರ್‌ಬಾರ್ನಿನ ಫೇರ್‌ಲೇನ್ ಎಂಬ ವಸತಿಗೃಹದಲ್ಲಿ ಸೇರಿ ಮಾತುಕತೆ ನಡೆಸಿದನು. ನಾಲ್ವರು ಕುಳಿತುಕೊಳ್ಳಬೇಕು, ಉದ್ದ ೧೮೦ ಅಂಗುಲವನ್ನು ಮೀರಬಾರದು, ತೂಕ ೨,೫೦೦ ಪೌಂಡು, ಬೆಲೆ ೨,೫೦೦ ಡಾಲರು. ಇದು ಅವರು ಹಾಕಿಕೊಂಡ ಚೌಕಟ್ಟು.

ಇಲ್ಲಿ ಒಂದು ತೊಡಕಿತ್ತು. ಎಡ್ಸೆಲಿನಲ್ಲಿ ಸುಟ್ಟುಕೊಂಡ ಕಂಪನಿಯು ಮತ್ತೊಂದು ಹೊಸ ಗಾಡಿಗೆ ಹಣ ಕೊಡುವುದು ಹೇಗೆ? ಹಿರಿಯ ಫೋರ್ಡನ ಮೊಮ್ಮಗನಾದ ಎರಡನೆಯ ಹೆನ್ರಿ ಫೋರ್ಡನು ಸುಲಭವಾಗಿ ಒಪ್ಪುವವನಲ್ಲ. ಅಯಕೋಕಾನ ಮಂದಿ ಕಂಡುಕೊಂಡ ಉಪಾಯ ಇದು: ತಳಕಟ್ಟು, ಎಂಜಿನ್, ಚಕ್ರಗಳನ್ನು ಹೊರುವ ಸಲಕರಣೆ ಬಹುಮಟ್ಟಿಗೆ ಫಾಲ್ಕನ್ನಿನದು, ಹೊಸದೆಂದರೆ ಮೈಯ ಆಕಾರ. ೧೯೬೨ರ ಆಗಸ್ಟಿನಲ್ಲಿ ಕಂಪನಿಯ ರೂಪಶಿಲ್ಪಿಗಳಿಗೇ ಪರಸ್ಪರ ಸ್ಪರ್ಧೆಯನ್ನಿಟ್ಟರು. ಜೇಡಿಮಣ್ಣಿನಿಂದ ಮಾಡಿದ ಮಾದರಿಗಳಲ್ಲಿ ಗೆದ್ದುದು ಜೋ ಓರೋಸ್ ಎಂಬವನ ತಂಡದ್ದು. ಅದಕ್ಕೆ ಮೂಲವಾದ ರೇಖಾಚಿತ್ರವನ್ನು ಬರೆದವನು ಗೇಲ್ ಹಾಲ್ಡರ್ಮನ್. ಹೆನ್ರಿ ಫೋರ್ಡನು ಒಳಗೆ ಕುಳಿತು ನೋಡಿ, ಹಿಂದಿನ ಆಸನದಲ್ಲಿ ಕಾಲಿಗೆ ಎಡೆ ಸಾಲದು, ಒಂದು ಅಂಗುಲ ಹೆಚ್ಚಿಸಿರಿ ಎಂದನಂತೆ. ಇದನ್ನು ಅಯಕೋಕಾನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಕೊನೆಗೆ ಗಾಡಿಯ ಉದ್ದ ೧೮೧.೬ ಅಂಗುಲವಾಯಿತು.

ಹೆಸರಿಡುವುದರಲ್ಲಿಯೂ ಚರ್ಚೆ ನಡೆಯಿತು. ಮಾದರಿಗೆ ಮೊದಲಿದ್ದ ಹೆಸರು ಕೂಗರ್, ಎಂದರೆ ಅಲ್ಲಿನ ಕಾಡುಬೆಕ್ಕಿನ ಜಾತಿಯ ದೊಡ್ಡ ಮೃಗ. ಕೊನೆಗೆ ನಿಂತುದು ಮಸ್ಟಾಂಗ್. ಮಹಾಯುದ್ಧದಲ್ಲಿ ಕೀರ್ತಿ ಪಡೆದ ಒಂದು ಯುದ್ಧವಿಮಾನದ ಹೆಸರೂ ಅದೇ ಆಗಿತ್ತು. ಆ ವಿಮಾನವೇ ಮೂಲವೆನ್ನುವವರೂ ಉಂಟು, ಕುದುರೆಯೇ ಮೂಲವೆನ್ನುವವರೂ ಉಂಟು. ಜರ್ಮನಿಯಲ್ಲಿ ಆ ಹೆಸರಿನ ಹಕ್ಕು ಬೇರೊಂದು ಕಂಪನಿಯದಾಗಿದ್ದುದರಿಂದ ಬಹುಕಾಲ ಅಲ್ಲಿ ಇದನ್ನು ಟಿ-೫ ಎಂಬ ಹೆಸರಿನಿಂದ ಮಾರಬೇಕಾಯಿತು. ಮಸ್ಟಾಂಗ್ ಎಂಬ ಶಬ್ದವು ಸ್ಪೇನಿನವರ ಭಾಷೆಯಿಂದ ಬಂದುದು. ಒಡೆಯನಿಲ್ಲದೆ ಅಲೆಯುವ ಪಶು ಎಂದು ಅದರ ಅರ್ಥ. ಸ್ಪೇನಿನವರು ಹಡಗುಗಳಲ್ಲಿ ತಂದ ಕುದುರೆಗಳಲ್ಲಿ ತಪ್ಪಿಸಿಕೊಂಡು ಹೋದವು ಪಶ್ಚಿಮದ ಬಯಲುಗಳಲ್ಲಿ ಹಿಂಡುಹಿಂಡಾಗಿ ಬೆಳೆದು ಆ ಹೆಸರನ್ನು ಪಡೆದುವು. ನಮ್ಮ ಭಾಷೆಯಲ್ಲಿ ಇದಕ್ಕೆ ಸರಿಯಾದ ಮಾತು ‘ಬೀಡಾಡಿ’. ನಾನು ಹುಟ್ಟಿದ ಹಳ್ಳಿಯಲ್ಲಿ ಬೀಡಾಡಿ ದನಗಳನ್ನು ಹಿಡಿದು ಕೂಡುವುದಕ್ಕೆ ಒಂದು ದೊಡ್ಡಿಯಿತ್ತು. ದಂಡ ಕೊಟ್ಟು ಬಿಡಿಸಿಕೊಳ್ಳಬೇಕು. ದೇಶಕ್ಕೆ ದೇಶವೇ ಬೀಡಾಡಿಯ ಹೆಸರನ್ನು ಮೆಚ್ಚಿ ತನ್ನ ಗಾಡಿಗೆ ಇಟ್ಟುಕೊಂಡುದನ್ನು ಓದಿದಾಗ ನನಗೆ ನಗುವೂ ಬಂದಿತು, ದೊಡ್ಡಿಯ ನೆನಪೂ ಬಂದಿತು.

೧೯೬೪ರ ಮಾರ್ಚಿ ೯ರಂದು ಡಿಯರ್‌ಬಾರ್ನಿನ ಕಾರ್ಖಾನೆಯಲ್ಲಿ ಮಸ್ಟಾಂಗಿನ ತಯಾರಿಕೆ ಮೊದಲಾಯಿತು. ಏಪ್ರಿಲ್ ೧೬ರ ರಾತ್ರಿ ದೇಶದ ಮೂರು ದೂರದರ್ಶನ ಜಾಲಗಳಲ್ಲಿಯೂ ಒಂದೇ ಹೊತ್ತಿನಲ್ಲಿ ಅದರ ಪ್ರಕಟಣೆ ಬಂದಿತು. ಮರುದಿನ, ಏಪ್ರಿಲ್ ೧೭ರಂದು, ನ್ಯೂಯಾರ್ಕಿನ ವಿಶ್ವಪ್ರದರ್ಶನದ ಬಯಲಿನಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ಬೆಲೆ ೨,೩೬೮ ಡಾಲರು. ಆಗ ಡಾಲರಿಗೆ ೪ ರೂಪಾಯಿ ೭೬ ಪೈಸೆ. ಸುಮಾರು ೧೧,೨೭೦ ರೂಪಾಯಿಯಾಯಿತು. ಒಂದೇ ದಿನದಲ್ಲಿ ೨೨,೦೦೦ ಗಾಡಿಗಳಿಗೆ ಬೇಡಿಕೆ ಬಂದಿತು. ಟೆಕ್ಸಸ್ ಸಂಸ್ಥಾನದ ಒಂದು ಅಂಗಡಿಯಲ್ಲಿ ಇದ್ದುದು ಒಂದೇ ಗಾಡಿ, ಕೊಳ್ಳಬಂದವರು ಹದಿನೈದು ಮಂದಿ. ಹರಾಜಿನಲ್ಲಿ ಗೆದ್ದವನು, ತನ್ನ ಚೆಕ್ಕಿನ ಹಣ ಸಂದಾಯವಾಗುವ ಮೊದಲು ಗಾಡಿ ಬೇರೆಯವರ ಪಾಲಾದೀತೆಂದು ಹೆದರಿ, ರಾತ್ರಿಯೆಲ್ಲ ಅದರೊಳಗೇ ಮಲಗಿದನೆಂದು ಅಯಕೋಕಾ ಬರೆದಿದ್ದಾನೆ. ಆ ವಾರ ‘ಟೈಮ್’ ಮತ್ತು ‘ನ್ಯೂಸ್‌ವೀಕ್’ ಎರಡು ಪತ್ರಿಕೆಗಳ ಮುಖಪುಟದಲ್ಲಿಯೂ ಅವನ ಚಿತ್ರವೇ ಇತ್ತು.

ಫಾಲ್ಕನ್ನಿನ ದಾಖಲೆಯಾದ ೪,೧೭,೧೭೪ನ್ನು ಮೊದಲನೆಯ ವರ್ಷದಲ್ಲಿಯೇ ದಾಟಬೇಕೆಂಬುದು ಅವನ ಪಣ. ೧೯೬೫ರ ಏಪ್ರಿಲ್ ೧೭ರ ಹೊತ್ತಿಗೆ ಮಾರಾಟವಾದುವು ೪,೧೮,೮೧೨. ಲೆಕ್ಕದ ಮೇಷ್ಟರಾದ ನಾನು ಕಳೆದು ನೋಡಿದೆನು. ಅಂತರ ೧,೬೩೮. ಅವಶ್ಯಕತೆಯ ಮೇಲೆ ಆಸೆಯು ಪಡೆದ ವಿಜಯದ ಅಳತೆ ಇಷ್ಟೇ. ನೂರಕ್ಕೆ ಅರ್ಧದಷ್ಟೂ ಇಲ್ಲ. ಆದರೆ ಆ ಆಸೆಯು ನಿಂತುದು ಯಾವುದರ ಮೇಲೆ? ಅದೇ ಫಾಲ್ಕನ್ನಿನ ತಳಕಟ್ಟಿನ ಮೇಲೆ. ಅದೇ ಕಬ್ಬಿಣ, ಅದೇ ಆರು ಸಿಲಿಂಡರುಗಳ ಎಂಜಿನ್. ಬೇಕೆಂದವರಿಗೆ ಹೆಚ್ಚು ಹಣಕ್ಕೆ ಎಂಟು ಸಿಲಿಂಡರುಗಳದು. ಶಾಲೆಯ ಉಪಾಧ್ಯಾಯಿನಿಯೂ, ಅಂಗಡಿಯ ಗುಮಾಸ್ತನೂ, ಕಾಲೇಜಿನ ಹುಡುಗನೂ ಅದೇ ಗಾಡಿಯನ್ನು ತಮ್ಮತಮ್ಮ ಶಕ್ತಿಗೂ ರುಚಿಗೂ ತಕ್ಕಂತೆ ಸಿಂಗರಿಸಿ ಕೊಳ್ಳಬಹುದಾಗಿತ್ತು. ಶ್ರೀಮಂತರ ಸೊತ್ತಾಗಿದ್ದ ಚೆಲುವು ಮೊದಲ ಬಾರಿಗೆ ಸಂಬಳಗಾರನ ಕೈಗೆ ಎಟುಕಿತು. ಸಂಗ್ರಹಾಲಯದಲ್ಲಿ ಆ ಬಿಳಿಯ ಗಾಡಿಗೆ ಸ್ಥಾನ ಸಿಕ್ಕಿದುದು ಇದರಿಂದ ಎಂದು ನನಗೆ ತೋರಿತು.

ಗೆದ್ದವನ ಹಾದಿಯಲ್ಲಿ ನಡೆಯುವವರು ಬಹಳ. ಮಸ್ಟಾಂಗಿಗಿಂತ ಎರಡು ವಾರ ಮೊದಲೇ ಪ್ಲಿಮತ್ ಕಂಪನಿಯ ಬ್ಯಾರಕೂಡಾ ಬಂದಿತ್ತಾದರೂ ಹೆಸರು ಪಡೆದುದು ಮಸ್ಟಾಂಗೇ. ಬಳಿಕ ಷೆವ್ರೊಲೆಯ ಕಮಾರೊ, ಪಾಂಟಿಯಾಕಿನ ಫೈರ್‌ಬರ್ಡ್, ಡಾಜಿನ ಚಾಲೆಂಜರ್ ಒಂದರ ಹಿಂದೊಂದು ಬಂದುವು. ಈ ಜಾತಿಗೆಲ್ಲ ಮಸ್ಟಾಂಗಿನ ಕುದುರೆಯಿಂದಲೇ ‘ಪೋನಿ ಕಾರು’ ಎಂಬ ಹೆಸರು ನಿಂತಿತು. ಪೋನಿ ಎಂದರೆ ತಟ್ಟು. ೧೯೬೮ರಲ್ಲಿ ಬಂದ ‘ಬುಲಿಟ್’ ಎಂಬ ಚಲಚ್ಚಿತ್ರದಲ್ಲಿ ಸ್ಟೀವ್ ಮಕ್ವೀನನು ಹಸುರು ಬಣ್ಣದ ಮಸ್ಟಾಂಗನ್ನು ಸಾನ್‌ಫ್ರಾನ್ಸಿಸ್ಕೋದ ಏರಿಳಿತದ ಬೀದಿಗಳಲ್ಲಿ ಹಾರಿಸಿದ ಮೇಲೆ ಅದು ಪುರಾಣದ ಕುದುರೆಯೇ ಆಗಿಬಿಟ್ಟಿತು.

ಆದರೆ ಕೀರ್ತಿಯು ಮನುಷ್ಯನನ್ನು ಹೇಗೋ ಹಾಗೆ ಯಂತ್ರವನ್ನೂ ಕೊಬ್ಬಿಸುತ್ತದೆ. ವರ್ಷ ವರ್ಷಕ್ಕೆ ಎಂಜಿನ್ ಹಿಗ್ಗಿತು, ಮೈ ಹಿಗ್ಗಿತು. ೧೯೭೧ರ ಮಸ್ಟಾಂಗು ಮೊದಲಿನದಕ್ಕಿಂತ ಸುಮಾರು ೮ ಅಂಗುಲ ಉದ್ದ, ನೂರಾರು ಪೌಂಡು ಹೆಚ್ಚು ತೂಕ. ತಟ್ಟುವು ಜಟ್ಟಿಯ ಮೈ ತಳೆಯಿತು. ೧೯೬೬ರ ಮಾದರಿಯಲ್ಲಿ ೬,೦೭,೫೬೮ ತಯಾರಾಗಿದ್ದ ಗಾಡಿ ೧೯೭೩ರ ಮಾದರಿಯಲ್ಲಿ ೧,೩೪,೮೬೭ಕ್ಕೆ ಇಳಿಯಿತು. ಆಗ ಅಯಕೋಕಾನು ಮತ್ತೆ ಸಣ್ಣ ಗಾಡಿಯನ್ನು ಮಾಡಿಸಿದನು. ‘ಎರಡನೆಯ ಮಸ್ಟಾಂಗ್’ ಎಂಬ ಹೆಸರಿನಲ್ಲಿ ಅದು ೧೯೭೩ರ ಸೆಪ್ಟೆಂಬರಿನಲ್ಲಿ ಬಂದಿತು. ಮುಂದಿನ ತಿಂಗಳೇ ಅರಬ್ಬೀ ದೇಶಗಳು ಅಮೆರಿಕಕ್ಕೆ ಎಣ್ಣೆಯನ್ನು ನಿಲ್ಲಿಸಿದುವು. ಮೊದಲ ವರ್ಷದ ಮಾದರಿಯಲ್ಲಿ ೩,೮೫,೯೯೩ ತಯಾರಾದುವು. ಪ್ರೇಮಿಗಳು ಇಂದಿಗೂ ಆ ಗಾಡಿಯನ್ನು ಕಂಡರೆ ಮೂಗು ಮುರಿಯುತ್ತಾರೆ. ಆದರೆ ಕಷ್ಟಕಾಲದಲ್ಲಿ ಮನೆತನದ ಹೆಸರನ್ನು ಉಳಿಸಿದುದು ಅದೇ. ಅಯಕೋಕಾನನ್ನು ಮಾತ್ರ ೧೯೭೮ರಲ್ಲಿ ಹೆನ್ರಿ ಫೋರ್ಡನು ಕೆಲಸದಿಂದ ತೆಗೆದುಹಾಕಿದನು.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ತಟ್ಟಿದುದು ೧೯೮೭ರ ಸುಮಾರಿನ ಒಂದು ಸಂಗತಿ. ಜಪಾನಿನ ಮಜ್ದಾ ಕಂಪನಿಯ ಸಹಾಯದಿಂದ, ಮುಂದಿನ ಚಕ್ರಗಳಿಂದ ಎಳೆಯಲ್ಪಡುವ ಹೊಸ ಬಗೆಯ ಗಾಡಿಯನ್ನು ಮಾಡಿ, ಅದಕ್ಕೆ ಮಸ್ಟಾಂಗಿನ ಹೆಸರನ್ನಿಡುವ ಯೋಚನೆಯಲ್ಲಿ ಫೋರ್ಡಿನವರಿದ್ದರು. ಲೆಕ್ಕದಲ್ಲಿ ಅದೇ ಸರಿ; ಎಣ್ಣೆ ಉಳಿಯುತ್ತಿತ್ತು, ಖರ್ಚು ತಗ್ಗುತ್ತಿತ್ತು. ಸುದ್ದಿಯು ಪತ್ರಿಕೆಯಲ್ಲಿ ಹೊರಬಿದ್ದೊಡನೆ ದೇಶದ ಮೂಲೆಮೂಲೆಗಳಿಂದ ಪ್ರತಿಭಟನೆಯ ಕಾಗದಗಳು ಬಂದು ಸುರಿದುವು. ಕಂಪನಿಯು ಮಣಿಯಿತು. ಹೊಸ ಗಾಡಿಯು ಪ್ರೋಬ್ ಎಂಬ ಬೇರೆ ಹೆಸರಿನಿಂದ ಹೊರಬಂದಿತು, ಮಸ್ಟಾಂಗ್ ಉಳಿಯಿತು. ಫಾಲ್ಕನ್ ಅಮೆರಿಕದಲ್ಲಿ ೧೯೭೦ರಲ್ಲಿಯೇ ನಿಂತುಹೋಗಿತ್ತು. ಅದನ್ನು ಉಳಿಸಿರೆಂದು ಯಾರಾದರೂ ಕಾಗದ ಬರೆದುದನ್ನು ನಾನು ಎಲ್ಲಿಯೂ ಓದಲಿಲ್ಲ.

ಆಮೇಲೆಯೂ ಕುದುರೆಯ ಓಟ ನಿಂತಿಲ್ಲ. ೨೦೦೫ರಲ್ಲಿ ಅದಕ್ಕೆ ಮತ್ತೆ ಹಳೆಯ ಮುಖಚರ್ಯೆ ಬಂದಿತು. ೨೦೧೫ರ ಮಾದರಿಯಲ್ಲಿ ಕಾರ್ಖಾನೆಯಿಂದಲೇ ಬಲಗಡೆ ಚಾಲನೆಯ ಗಾಡಿಯೂ ಮೊದಲ ಬಾರಿಗೆ ಸಿದ್ಧವಾಗಿ, ೨೦೧೬ರಲ್ಲಿ ನಮ್ಮ ದೇಶಕ್ಕೂ ಬಂದಿತು. ಬೆಲೆ ೬೫ ಲಕ್ಷ ರೂಪಾಯಿ. ಸಂಬಳಗಾರನ ಗಾಡಿಯಾಗಿ ಹುಟ್ಟಿದುದು ಇಲ್ಲಿ ಮತ್ತೆ ಶ್ರೀಮಂತರ ಸೊತ್ತಾಯಿತು. ೨೦೧೮ರ ಆಗಸ್ಟ್ ೮ರಂದು ಒಂದು ಕೋಟಿಯ ಮಸ್ಟಾಂಗ್ ತಯಾರಾಯಿತು. ಅಯಕೋಕಾನು ೨೦೧೯ರಲ್ಲಿ ತೀರಿಕೊಂಡನು. ಅವನ ಕುದುರೆಯನ್ನು ಬೆನ್ನಟ್ಟಿ ಬಂದ ಚಾಲೆಂಜರ್, ಕಮಾರೊ ಎರಡೂ ೨೦೨೩ರ ಕೊನೆಯಲ್ಲಿ ನಿಂತುವು.

ಇನ್ನು ನನ್ನ ಮನೆಯ ಮಾತು. ೧೯೮೮ರಲ್ಲಿ ಮಗನು ಎಂಟನೆಯ ತರಗತಿಯಲ್ಲಿದ್ದನು. ಶಾಲೆ ದೂರವಾದುದರಿಂದ ಸೈಕಲ್ಲು ಕೊಡಿಸಬೇಕಾಯಿತು. ಅಂಗಡಿಯಲ್ಲಿ ಎರಡನ್ನು ತೋರಿಸಿದರು. ಒಂದು ಎಲ್ಲರಲ್ಲಿಯೂ ಇರುವಂತಹ ಕರಿಯದು, ಹಾಲಿನ ಕ್ಯಾನು ಕಟ್ಟಿದರೂ ಜಗ್ಗದಂತಹದು. ಇನ್ನೊಂದು ಕೆಂಪು, ಹಗುರವಾದುದು, ಹಿಡಿಕೆ ಸ್ವಲ್ಪ ಬಾಗಿತ್ತು. ಎಂಬತ್ತು ರೂಪಾಯಿ ಹೆಚ್ಚು. ಹುಡುಗನು ಬಾಯಿಬಿಟ್ಟು ಕೇಳಲಿಲ್ಲ; ಕೆಂಪು ಸೈಕಲ್ಲಿನ ಗಂಟೆಯನ್ನು ಒಂದು ಸಾರಿ ಬಾರಿಸಿದನು, ಅಷ್ಟೆ. “ಎರಡಕ್ಕೂ ಎರಡೇ ಚಕ್ರ, ಎರಡೂ ಒಂದೇ ಶಾಲೆಗೆ ಹೋಗುತ್ತವೆ. ಎಂಬತ್ತು ರೂಪಾಯಿ ಯಾತಕ್ಕೆ?” ಎಂದು ಹೇಳಿ, ಮರುದಿನ ಹಣ ತರುವೆನೆಂದು ಕರಿಯದ್ದನ್ನು ಗೊತ್ತುಮಾಡಿ ಬಂದೆನು. ಆ ರಾತ್ರಿ ನನ್ನ ಹೆಂಡತಿಯು ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯನ್ನು ತೆಗೆದು, ಎಂಬತ್ತು ರೂಪಾಯಿಗಳನ್ನು ಎಣಿಸಿ ನನ್ನ ಮುಂದಿಟ್ಟು, “ಮಗು ಆಸೆಪಟ್ಟಿದೆ. ಕೆಂಪನ್ನೇ ಕೊಡಿಸಿ” ಎಂದಳು. “ಇದು ಹಣದ ಮಾತಲ್ಲ, ತತ್ತ್ವದ ಮಾತು” ಎಂದು ನಾನು ಆ ಹಣವನ್ನು ಹಿಂದಕ್ಕೆ ತಳ್ಳಿದೆನು. ಅವಳು ಮತ್ತೆ ಡಬ್ಬಿಗೆ ಹಾಕಿದಳು. ಅವಳು ಹೋಗಿ ಈಗ ಆರು ವರ್ಷವಾಯಿತು.

ನನ್ನ ಸಂಸಾರದಲ್ಲಿ ನಾನು ಮ್ಯಾಕ್‌ನಮಾರಾ ಆಗಿದ್ದೆನು. ಇದನ್ನು ಹೇಳಿಕೊಳ್ಳಲು ನನಗೆ ಪೂರ್ತಿಯಾಗಿ ನಾಚಿಕೆಯಿಲ್ಲ. ಒಬ್ಬನ ಸಂಬಳದಲ್ಲಿ ಇಬ್ಬರು ತಂಗಿಯರ ಮದುವೆಯೂ ಮಗನ ವಿದ್ಯಾಭ್ಯಾಸವೂ ನಡೆದುದು ಕೂಡಿಕೆ ಕಳೆಯುವಿಕೆಗಳ ಬಲದಿಂದ. ಆದರೆ ಹಣವಿಲ್ಲದೆ ಇಲ್ಲವೆನ್ನುವುದು ಬೇರೆ. ಹಣ ಮುಂದಿದ್ದರೂ ಇಲ್ಲವೆನ್ನುವುದು ಬೇರೆ. ಮೊದಲನೆಯದು ಬಡತನ. ಎರಡನೆಯದಕ್ಕೆ ನಾನು ತತ್ತ್ವವೆಂದು ಹೆಸರಿಟ್ಟಿದ್ದೆನು. ಮನೆಯಲ್ಲಿ ಬೀಡಾಡಿಯಾಗಿ ಓಡಾಡಿದ ಸಣ್ಣಪುಟ್ಟ ಆಸೆಗಳನ್ನೆಲ್ಲ ಹಿಡಿದು ದೊಡ್ಡಿಗೆ ಕೂಡುತ್ತ ಬಂದವನು ನಾನು. ಅವುಗಳಲ್ಲಿ ಎಷ್ಟೋ ನನ್ನ ಹೆಂಡತಿಯವು. ಬಿಡಿಸಿಕೊಳ್ಳಲು ಅವಳು ಈಗ ಇಲ್ಲ.

ಹೊರಡುವ ಹಿಂದಿನ ಭಾನುವಾರ ಬೆಳಗ್ಗೆ ನಾನಾಗಿ ಮಗನಿಗೆ, “ನಿನ್ನ ಕುದುರೆಯನ್ನು ತೆಗೆ, ಹೋಗಿ ಬರೋಣ” ಎಂದೆನು. ಅವನು ನಂಬದವನ ಹಾಗೆ ನನ್ನನ್ನು ನೋಡಿದನು. ರೂಜ್ ನದಿಯ ಪಕ್ಕದ ರಸ್ತೆಯಲ್ಲಿ ಹೋದೆವು. ಮೊದಲ ಮಸ್ಟಾಂಗು ತಯಾರಾದ ಕಾರ್ಖಾನೆಯೂ ಕೆಳಗೆ ಇದೇ ನದಿಯ ದಂಡೆಯಲ್ಲಿತ್ತು. ಎಂಜಿನ್ನಿನ ಸದ್ದು ದೊಡ್ಡದು. ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ನಡುವಿಗೆ ಮಾತ್ರ ಒಂದು ಪಟ್ಟಿ. “ಬ್ರೇಕು ಸ್ವಲ್ಪ ನಿಧಾನ, ಅಣ್ಣ. ಮುಂದಿನ ಗಾಡಿಯಿಂದ ದೂರವಿರಬೇಕು” ಎಂದನು. ಒಂದು ತಿರುವಿನಲ್ಲಿ ಗಾಡಿ ನಿಂತಾಗ, ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕಿಯು ತಡೆದು ನಿಂತು, ನಮ್ಮನ್ನಲ್ಲ, ಗಾಡಿಯನ್ನು ನೋಡಿ ಕೈಬೀಸಿದಳು. ಆಕೆಗೆ ನನ್ನಷ್ಟೇ ವಯಸ್ಸಿರಬೇಕು. ೧೯೬೪ರಲ್ಲಿ ಆಕೆ ಹದಿನೆಂಟರ ಹುಡುಗಿ.

ಅಲ್ಲಿ ನಾನು ಮಗನಿಗೆ ಸಾಸಿವೆ ಡಬ್ಬಿಯ ಹಣದ ಸಂಗತಿಯನ್ನು ಹೇಳಿದೆನು. ಮೂವತ್ತಾರು ವರ್ಷ ಯಾರಿಗೂ ಹೇಳಿರಲಿಲ್ಲ.

“ನನಗೆ ಗೊತ್ತು, ಅಣ್ಣ” ಎಂದನು. “ಆ ರಾತ್ರಿ ನಾನು ಹಿತ್ತಲ ಬಾಗಿಲ ಹತ್ತಿರ ನಿಂತಿದ್ದೆ.”

ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಆಮೇಲೆ ಅವನೇ, “ಆ ಕರಿಯ ಸೈಕಲ್ಲು ಏಳು ವರ್ಷ ನಡೆಯಿತು. ಒಂದು ದಿನವೂ ಕೈಕೊಡಲಿಲ್ಲ. ಅದನ್ನು ತುಳಿದುಕೊಂಡು ಹೋಗಿ ಓದಿದ್ದರಿಂದಲೇ ಇಲ್ಲಿಗೆ ಬಂದೆ. ಈ ಗಾಡಿಯ ಕೆಳಗೆ ಇರುವುದೂ ಫಾಲ್ಕನ್ನೇ ಅಲ್ಲವೆ?” ಎಂದನು. ಇನ್ನೂ ಒಂದು ಮೈಲಿ ಹೋದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ, “ಆದರೂ ಕೆಂಪನ್ನು ಕೊಡಿಸಬಹುದಾಗಿತ್ತು, ಅಣ್ಣ” ಎಂದು ನಕ್ಕನು.

“ಹೌದಪ್ಪ, ಕೊಡಿಸಬಹುದಾಗಿತ್ತು” ಎಂದೆನು.

ಮನೆಗೆ ಬಂದು ಗಾಡಿಯನ್ನು ಒಳಗೆ ನಿಲ್ಲಿಸಿದೆವು. ಅವನು ಹೊದಿಕೆಯನ್ನು ಬಿಚ್ಚಿದನು. ಅಗಲವಾದ ಹೊದಿಕೆ, ಒಬ್ಬರೇ ಹೊದಿಸುವುದು ಕಷ್ಟ. ಒಂದು ತುದಿಯನ್ನು ನಾನು ಹಿಡಿದುಕೊಂಡೆನು.